ತಿಂಗಳುಗಟ್ಟಲೆ ಸಾಗುವ ವಾಹನ ಪ್ರಯಾಣಕ್ಕೆ ಯಾವ ಸಲಕರಣೆಗಳನ್ನು ಒಯ್ಯಬೇಕು, ಯಾವುವನ್ನು ಬಿಡಬೇಕು?

ನೀವಿಬ್ಬರು ಒಂದೇ ಫೋರ್‌ವೀಲ್ ಡ್ರೈವ್ ವಾಹನದಲ್ಲಿ ಮರಳುಗಾಡನ್ನೂ ಎತ್ತರದ ಪರ್ವತದಾರಿಗಳನ್ನೂ ದಾಟುತ್ತ ಕೆಲವು ತಿಂಗಳು ಸಾಗುವವರಿದ್ದೀರಿ. ವಿಂಚ್ (ಸಿಕ್ಕಿಬಿದ್ದ ವಾಹನವನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಛಾವಣಿಯ ಟೆಂಟು, ಫ್ರಿಜ್, ಎರಡನೆಯ ಬ್ಯಾಟರಿ ಎಂದು ಬೆಳೆಯುತ್ತಲೇ ಇರುವ ಪಟ್ಟಿಯಲ್ಲಿ ನಿಜಕ್ಕೂ ಬೇಕಾದದ್ದು ಯಾವುದು ಎಂದು ಕೇಳಿದ್ದೀರಿ. ಇಂಥ ದಾರಿಗಳಲ್ಲಿ ಓಡಾಡಿರುವ ನಾನು ಯಾವುದೇ ವಸ್ತುವನ್ನು ಕೊಳ್ಳುವ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ: ಇದರ ತೂಕವೆಷ್ಟು, ಮತ್ತು ವಾಹನವನ್ನೋ ನಮ್ಮನ್ನೋ ನಿಲ್ಲಿಸಿಬಿಡಬಲ್ಲ ಯಾವ ತೊಂದರೆಯನ್ನು ಇದು ನೀಗಿಸುತ್ತದೆ?

ತೂಕದ ಲೆಕ್ಕವನ್ನು ಹೆಚ್ಚಿನವರು ಕೊನೆಗೆ ಹಾಕುತ್ತಾರೆ, ಅದು ಮೊದಲು ಆಗಬೇಕು. ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಅದು 600 ಕಿಲೋ ಎಂದಿಟ್ಟುಕೊಳ್ಳಿ. ಇಬ್ಬರು ಪ್ರಯಾಣಿಕರಿಗೆ 150, ಅರವತ್ತು ಲೀಟರ್ ನೀರಿಗೆ 60, ತುಂಬಿದ ಎರಡು ಡೀಸೆಲ್ ಕ್ಯಾನುಗಳಿಗೆ ಸುಮಾರು 40, ಎರಡನೆಯ ಸ್ಟೆಪ್ನಿಗೆ ಸುಮಾರು 35 ಕಿಲೋ ಹೋಯಿತು. ಇದರ ಮೇಲೆ ಛಾವಣಿಯ ಕ್ಯಾರಿಯರ್ ಮತ್ತು ಟೆಂಟಿಗೆ ನೂರು, ಉಕ್ಕಿನ ಬಂಪರ್ ಮತ್ತು ವಿಂಚ್‌ಗೆ ತೊಂಬತ್ತು, ಹಿಂಬದಿಯ ಮರದ ಡ್ರಾಯರುಗಳಿಗೆ ಅರವತ್ತು ಕಿಲೋ ಸೇರಿಸಿದರೆ 535 ಮುಟ್ಟುತ್ತದೆ; ಉಪಕರಣ, ಬಟ್ಟೆ, ಒಲೆ, ದಿನಸಿ ಯಾವುದೂ ಇನ್ನೂ ಒಳಗೆ ಬಂದಿಲ್ಲ. ಮಿತಿ ಮೀರಿದ ಭಾರದಿಂದ ಬ್ರೇಕು ಹಿಡಿಯುವ ದೂರ ಹೆಚ್ಚುತ್ತದೆ, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳು ಬೇಗ ಸೋಲುತ್ತವೆ, ಟೈರು ಬಿಸಿಯಾಗುತ್ತದೆ. ಛಾವಣಿಗೆ ಪ್ರತ್ಯೇಕ ಮಿತಿಯಿದ್ದು, ಬಹಳಷ್ಟು ವಾಹನಗಳಲ್ಲಿ ಓಡುವಾಗ ಅದು 75ರಿಂದ 100 ಕಿಲೋ ಆಸುಪಾಸಿನಲ್ಲಿರುತ್ತದೆ. ಕ್ಯಾರಿಯರಿನ ತೂಕವೂ ಅದರಲ್ಲೇ ಸೇರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಹಾಗಾಗಿ ನೆಲದ ಮೇಲೆ ಹಾಕುವ ಟೆಂಟನ್ನೇ ನಾನು ಆರಿಸಿಕೊಳ್ಳುತ್ತೇನೆ.

ಹಣವನ್ನೂ ಗಮನವನ್ನೂ ಮೊದಲು ಬೇಡುವುದು ಟೈರು. ನಿಮ್ಮ ದಾರಿಯುದ್ದಕ್ಕೂ ಸುಲಭವಾಗಿ ಸಿಗುವ ಅಳತೆಯದ್ದನ್ನು, ತುಂಬಿದ ವಾಹನದ ಭಾರಕ್ಕೆ ತಕ್ಕ ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರವನ್ನು ಸೂಚಿಸುವ ಅಂಕಿ) ಇರುವುದನ್ನು, ಪಕ್ಕದ ಗೋಡೆ ಗಟ್ಟಿಯಾಗಿರುವುದನ್ನು ಕೊಳ್ಳಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿಯೇ ಹಣ ಕೊಡಿ: 3522 ಎಂದಿದ್ದರೆ ಅದು 2022ರ 35ನೆಯ ವಾರದಲ್ಲಿ ತಯಾರಾದದ್ದು. ಮರಳಿನಲ್ಲಿ ವಿಂಚ್‌ಗಿಂತ ಹೆಚ್ಚು ಕೆಲಸ ಮಾಡುವುದು ಗಾಳಿ ಇಳಿಸುವುದು. ಡಾಂಬರು ರಸ್ತೆಯಲ್ಲಿ 35 ಪಿಎಸ್‌ಐ ಇದ್ದ ಗಾಳಿಯನ್ನು 18ರ ಹತ್ತಿರಕ್ಕೆ ತಂದರೆ ಟೈರು ನೆಲಕ್ಕೆ ತಾಗುವ ಭಾಗ ಮುಖ್ಯವಾಗಿ ಉದ್ದಕ್ಕೆ ಹಿಗ್ಗುತ್ತದೆ, ಭಾರ ಹಂಚಿಹೋಗಿ ವಾಹನ ಹೂತುಹೋಗದೆ ಮೇಲೆಯೇ ತೇಲುತ್ತದೆ. ಹಾಗೆ ಗಾಳಿ ಇಳಿಸಿದ ಮೇಲೆ ವೇಗ ಕಡಿಮೆ ಇರಬೇಕು, ಸ್ಟೇರಿಂಗನ್ನು ರಭಸದಿಂದ ತಿರುಗಿಸಬಾರದು, ಇಲ್ಲವಾದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಟ್ಟಿ ನೆಲ ಸಿಕ್ಕೊಡನೆ ಮತ್ತೆ ಗಾಳಿ ತುಂಬಲೇಬೇಕು. ಅದಕ್ಕಾಗಿ ಬ್ಯಾಟರಿಯ ಟರ್ಮಿನಲ್‌ಗೇ ಕ್ಲಿಪ್ ಹಾಕುವ ಬಲವಾದ ಕಂಪ್ರೆಸರ್ ಮತ್ತು ನಂಬಬಹುದಾದ ಗೇಜ್ ಎರಡೂ ಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಪಂಪುಗಳು ನಾಲ್ಕು ದೊಡ್ಡ ಟೈರುಗಳನ್ನು ತುಂಬುವಷ್ಟರಲ್ಲಿ ಕಾದು ಕೈಕೊಡುತ್ತವೆ.

ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್ ಅಂಗೈಯಗಲದ ವಸ್ತು, ಆದರೆ ಅದನ್ನು ಬಳಸುವ ಅಭ್ಯಾಸ ಮನೆಯಲ್ಲೇ ಆಗಿರಬೇಕು. ಮೊಳೆಯನ್ನು ಕಿತ್ತೊಡನೆ ಅರದಂಥ ಒರಟು ಸೂಜಿಯನ್ನು ಅದೇ ಕೋನದಲ್ಲಿ ಒಳಗೆ ಹೊರಗೆ ಆಡಿಸಿ ತೂತನ್ನು ಉಜ್ಜಬೇಕು; ಅಂಟಿನ ಬತ್ತಿಯನ್ನು ಇನ್ನೊಂದು ಸೂಜಿಯ ಕಣ್ಣಿಗೆ ಪೋಣಿಸಿ, ಎರಡೂ ತುದಿ ಬೆರಳಗಲದಷ್ಟು ಹೊರಗೆ ಉಳಿಯುವವರೆಗೆ ಒತ್ತಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರತೆಗೆಯಬೇಕು. ಗಾಳಿ ತುಂಬಿದ ಮೇಲೆ ಸೋಪಿನ ನೀರು ಸವರಿದಾಗ ಗುಳ್ಳೆ ಏಳದಿದ್ದರೆ ಕೆಲಸ ಮುಗಿದಂತೆ. ಟೈರಿನ ಪಕ್ಕದ ಗೋಡೆ ಸೀಳಿದರೆ ಈ ಬತ್ತಿಯನ್ನು ನಂಬುವಂತಿಲ್ಲ. ಎರಡನೆಯ ಸ್ಟೆಪ್ನಿಯ ತೂಕವನ್ನು ನಾನು ಒಪ್ಪಿಕೊಳ್ಳುವುದು ಆ ಕಾರಣಕ್ಕಾಗಿಯೇ. ವಾಹನದ ಜೊತೆ ಬಂದ ಜಾಕ್ ಮರಳಿನಲ್ಲಿ ಕುಸಿಯುತ್ತದೆ, ಆದ್ದರಿಂದ ಅದರ ಅಡಿಗೆ ಇಡಲು ದಪ್ಪನೆಯ ಹಲಗೆಯೊಂದು ಇರಲಿ.

ಸಿಕ್ಕಿಹಾಕಿಕೊಂಡ ವಾಹನವನ್ನು ಬಿಡಿಸುವ ವಿಷಯಕ್ಕೆ ಬಂದರೆ, ಜೊತೆಗೆ ಇನ್ನೊಂದು ವಾಹನವಿಲ್ಲದ ನಿಮಗೆ ಉದ್ದ ಹಿಡಿಯ ಸಲಿಕೆ ಮತ್ತು ಚಕ್ರದಡಿಗೆ ಇಡುವ ಟ್ರ್ಯಾಕ್ಷನ್ ಬೋರ್ಡುಗಳೇ ಮೊದಲ ಆಯ್ಕೆ. ವಿಂಚ್ ಕೆಲಸ ಮಾಡಬೇಕಾದರೆ ಎದುರಿಗೆ ಮರವೋ ಬಂಡೆಯೋ ಇರಬೇಕು, ಬಯಲು ಮರಳುಗಾಡಿನಲ್ಲಿ ಅದನ್ನು ಯಾವುದಕ್ಕೆ ಕಟ್ಟುತ್ತೀರಿ? ಕೆಸರಿನ ಕಾಡುದಾರಿಯಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಯಾರಾದರೂ ನೆರವಿಗೆ ಬಂದಾಗ ಬಳಸಲು, ಎಳೆದಾಗ ಹಿಗ್ಗುವ ನೈಲಾನಿನ ಕೈನೆಟಿಕ್ ಹಗ್ಗವೊಂದು ಮತ್ತು ಅದನ್ನು ವಾಹನಕ್ಕೆ ಸಿಕ್ಕಿಸುವ ಕೊಂಡಿಗಳು, ಅಂದರೆ ಭಾರದ ಮಿತಿ ನಮೂದಿಸಿರುವ ಶ್ಯಾಕಲ್‌ಗಳು ಇರಲಿ. ಹಗ್ಗವನ್ನು ಚಾಸಿಗೆ ಭದ್ರವಾಗಿ ಕೂಡಿಸಿದ ರಿಕವರಿ ಪಾಯಿಂಟಿಗೆ ಮಾತ್ರ ಸಿಕ್ಕಿಸಬೇಕು. ಟ್ರೇಲರ್ ಎಳೆಯಲು ಹಿಂಬದಿಯಲ್ಲಿರುವ ಲೋಹದ ಗುಂಡಿಗೆ (ಟೋ ಬಾಲ್) ಎಂದೂ ಸಿಕ್ಕಿಸಬೇಡಿ. ಅದು ಮುರಿದು ಚಿಮ್ಮಿ ಜನ ಸತ್ತದ್ದಿದೆ.

ಫ್ರಿಜ್ ಒಂಟಿಯಾಗಿ ಬರುವುದಿಲ್ಲ, ಮದುವೆಗೆ ಕರೆದ ನೆಂಟನಂತೆ ತನ್ನ ಬಳಗವನ್ನೆಲ್ಲ ಕರೆತರುತ್ತದೆ. ನಲವತ್ತು ಲೀಟರಿನ ಕಂಪ್ರೆಸರ್ ಫ್ರಿಜ್ ಸೆಕೆಯಲ್ಲಿ ದಿನಕ್ಕೆ 30ರಿಂದ 50 ಆಂಪಿಯರ್-ಗಂಟೆ (ಬ್ಯಾಟರಿ ಕೊಡುವ ವಿದ್ಯುತ್ತಿನ ಅಳತೆ) ಎಳೆಯಬಹುದು. 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅದರ ಆಯುಷ್ಯ ಕೆಡದಂತೆ ಬಳಸಬಹುದಾದದ್ದು ಅರ್ಧದಷ್ಟೇ, ಹಾಗಾಗಿ ವಾಹನ ಎರಡು ದಿನ ನಿಂತಲ್ಲೇ ನಿಂತರೆ ಸೌರಫಲಕ ಬೇಕಾಗುತ್ತದೆ, ಜೊತೆಗೆ ಚಾರ್ಜರ್, ದಪ್ಪ ವೈರು, ಫ್ಯೂಸುಗಳು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಅದರ ಬಹುಪಾಲು ಶಕ್ತಿಯನ್ನು ಬಳಸಬಹುದು, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ; ಎತ್ತರದ ಪ್ರದೇಶಗಳಲ್ಲಿ ರಾತ್ರಿ ಕಳೆಯುವ ನಿಮಗೆ ಇದು ಸಣ್ಣ ವಿಷಯವಲ್ಲ. ತಣ್ಣಗಿಡಲೇಬೇಕಾದ ಔಷಧಿ ಇದ್ದರೆ ಫ್ರಿಜ್ ಅನಿವಾರ್ಯ. ಇಲ್ಲವಾದರೆ ಒಣ ದಿನಸಿಯನ್ನೇ ನೆಚ್ಚಿಕೊಂಡು ಇಡೀ ಬಳಗವನ್ನು ಕೈಬಿಡಿ ಎನ್ನುತ್ತೇನೆ. ಎತ್ತರದಲ್ಲಿ ಅದಕ್ಕಿಂತ ಪ್ರಯೋಜನಕಾರಿ ಪ್ರೆಷರ್ ಕುಕ್ಕರ್, ಏಕೆಂದರೆ 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿದು ಕಾಳುಗಳು ಬೇಯುವುದೇ ಇಲ್ಲ.

ನೀರಿನಲ್ಲಿ ಕಡಿತ ಬೇಡ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಎಂದು ಲೆಕ್ಕ ಹಾಕಿ, ಬಿಸಿಲು ನಾಡಿನಲ್ಲಿ ಇನ್ನೂ ಹೆಚ್ಚಿಸಿ, ಒಂದು ಒಡೆದರೂ ಉಳಿದದ್ದು ಇರುವಂತೆ ಹಲವು ಕ್ಯಾನುಗಳಲ್ಲಿ ಹಂಚಿಡಿ. ಮೆತ್ತನೆಯ ಮರಳಿನಲ್ಲಿ ಇಂಧನದ ಖರ್ಚು ರಸ್ತೆಯಲ್ಲಿನದಕ್ಕಿಂತ ಒಂದೂವರೆ ಪಟ್ಟು ಆಗುವುದು ಸಾಮಾನ್ಯ.

ಬಿಡಿಭಾಗಗಳಲ್ಲಿ ಫ್ಯಾನ್ ಬೆಲ್ಟ್, ಇಂಧನ ಮತ್ತು ಗಾಳಿಯ ಫಿಲ್ಟರುಗಳು, ರೇಡಿಯೇಟರ್ ಹೋಸು, ಕ್ಲಾಂಪು, ಫ್ಯೂಸು, ಒಂದಷ್ಟು ಎಂಜಿನ್ ಆಯಿಲ್ ಮತ್ತು ಕೂಲಂಟ್ ಸಾಕು. ನಿಮ್ಮ ವಾಹನಕ್ಕೆ ಹೊಂದುವ ಬೆಲ್ಟನ್ನು ಹೊರಡುವ ಮೊದಲೇ ಒಮ್ಮೆ ಕಳಚಿ ಹಾಕಿ ನೋಡಿ. ಅದಕ್ಕೆ ಬಳಸಿದ ಸ್ಪ್ಯಾನರುಗಳೇ ನಿಮ್ಮ ಉಪಕರಣ ಪೆಟ್ಟಿಗೆಯ ಮೊದಲ ಸದಸ್ಯರು.

ಮೊಬೈಲ್ ಸಿಗ್ನಲ್ ಇಲ್ಲದ ಕಡೆಗಳಿಗಾಗಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು, ಇಲ್ಲವೇ 406 ಮೆಗಾಹರ್ಟ್ಸ್‌ನಲ್ಲಿ ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ಶೋಧ-ರಕ್ಷಣಾ ವ್ಯವಸ್ಥೆಗೆ ಕರೆ ಕಳಿಸುವ ಬೀಕನ್ನನ್ನು ನಾನು ಖಂಡಿತ ಒಯ್ಯುತ್ತೇನೆ. ಆದರೆ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಉಪಗ್ರಹ ಸಂಪರ್ಕ ಸಾಧನ ಇಟ್ಟುಕೊಳ್ಳುವುದು ಅಪರಾಧ. ನೀವು ದಾಟುವ ಪ್ರತಿ ದೇಶದ ನಿಯಮವನ್ನೂ ಗಡಿ ಮುಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ.

ಎಲ್ಲವನ್ನೂ ತುಂಬಿ, ಇಬ್ಬರೂ ಕುಳಿತು, ವೇಬ್ರಿಡ್ಜ್ ಮೇಲೆ ವಾಹನವನ್ನು ತೂಗಿಸಿ. ಸಾಧ್ಯವಿದ್ದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ತೂಕವನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಿ. ಬಳಿಕ ಕತ್ತಲಲ್ಲಿ, ತಲೆಗೆ ಕಟ್ಟುವ ಟಾರ್ಚಿನ ಬೆಳಕಲ್ಲಿ, ಜಾಕ್, ಸಲಿಕೆ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಹೊರತೆಗೆದು ನೋಡಿ. ಇವುಗಳಿಗಾಗಿ ಉಳಿದ ಸಾಮಾನನ್ನೆಲ್ಲ ಇಳಿಸಬೇಕಾಗಿ ಬಂದರೆ ಜೋಡಣೆಯನ್ನು ಬದಲಿಸಿ. ಬೆಂಕಿ ಆರಿಸುವ ಸಿಲಿಂಡರ್ ಮಾತ್ರ ಹಿಂಬದಿಯಲ್ಲಿ ಬೇಡ, ಚಾಲಕನ ಕೈಗೆ ಎಟುಕುವಲ್ಲಿ ಬಿಗಿಯಾಗಿ ಕಟ್ಟಿರಲಿ.