ಮಸ್ಕತ್ತಿನ ನಲ್ಲಿ, ನಿಮ್ಮ ಮನೆ ಹಿಂದಿನ ಸುರಂಗ

ಓದುಗರ ಪತ್ರದ ಸಾರ: “ಒಮಾನಿನ ಮಸ್ಕತ್ತಿನಲ್ಲಿ 26 ವರ್ಷ ದುಡಿದು, ಎರಡು ವರ್ಷದ ಹಿಂದೆ ಕಾಸರಗೋಡಿನ ಬದಿಯಡ್ಕ ಸಮೀಪದ ನನ್ನ ಊರಿಗೆ ಮರಳಿದೆ. ಮಸ್ಕತ್ತಿನಲ್ಲಿ ಮಳೆ ಹೆಸರಿಗೆ ಮಾತ್ರ. ಆದರೂ ನಲ್ಲಿ ತಿರುಗಿಸಿದರೆ ನೀರು. ಒಂದೇ ಒಂದು ದಿನ ತಪ್ಪಿದ್ದಿಲ್ಲ. ಇಲ್ಲಿ ಆಟಿಯಲ್ಲಿ ಅಂಗಳಕ್ಕೆ ಇಳಿಯಲಾಗದಷ್ಟು ಮಳೆ, ಎಪ್ರಿಲಿನಲ್ಲಿ ಟ್ಯಾಂಕರಿನವನಿಗೆ ಫೋನ್. ಅಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಐದು ದೇಶದವರು ಜಗಳವಿಲ್ಲದೆ ಬಾಳಿದೆವು. ಇಲ್ಲಿ ಪಂಚಾಯತ್ ಕಚೇರಿಗೆ ಹೋದರೆ ನನ್ನ ಭಾಷೆಯಲ್ಲಿ ಒಂದು ಫಾರ್ಮು ಸಿಗುವುದಿಲ್ಲ. ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವುದು ಬಿಟ್ಟರೆ ನಮ್ಮಲ್ಲಿ ಏನಿದೆ? ಮಗ ಇನ್ನೂ ಅಲ್ಲೇ ಇದ್ದಾನೆ. ಊರಿಗೆ ಬಾ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ನೀವೇನು ಹೇಳುತ್ತೀರಿ?” — ಹೆಸರು ಬೇಡ ಎಂದ ಓದುಗರು

ಪ್ರಿಯರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಕೂಡಲೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಕೊನೆಯ ಪುಟದಲ್ಲಿ ನೀವು ಹಾಗೇ ಬರೆದುಬಿಟ್ಟ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: “ಬೋರ್‌ವೆಲ್ ತೆಗೆಸಿದ ವರ್ಷ, ಹಾವು ಬರುತ್ತದೆಂದು ಮನೆ ಹಿಂದಿನ ಸುರಂಗದ ಬಾಯಿಗೆ ಕಲ್ಲಿಟ್ಟು ಮುಚ್ಚಿಸಿದೆವು.” ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗಲೆಲ್ಲ ನಾನು ಈ ಸಾಲಿಗೇ ಬಂದು ನಿಂತೆ. ಆ ಸುರಂಗ ಎಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ದಾರಿ.

ಮೊದಲು ನೀರಿನ ಲೆಕ್ಕ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮಸ್ಕತ್ತಿನಲ್ಲಿ 100ರ ಆಸುಪಾಸು, ಕೆಲವು ವರ್ಷ ಅದೂ ಇಲ್ಲ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾರಿಗೂ ನಾಚಿಕೆಯಾಗಬೇಕು, ನನಗೂ ಆಗುತ್ತದೆ. ಆದರೆ ನಿಮ್ಮ ಮಸ್ಕತ್ತಿನ ನಲ್ಲಿಯಲ್ಲಿ ಬರುತ್ತಿದ್ದದ್ದು ಆ 100 ಮಿಲಿಮೀಟರಿನ ನೀರಲ್ಲ. ಅದು ಸಮುದ್ರದ ನೀರು. 1970ರ ದಶಕದಿಂದ ಘುಬ್ರಾದಲ್ಲಿ, ಆಮೇಲೆ ಬರ್ಕಾದಲ್ಲಿ, ಎಣ್ಣೆ ಮತ್ತು ಗ್ಯಾಸಿನ ಬಲದಿಂದ ಉಪ್ಪು ತೆಗೆದು ಪೈಪಿಗೆ ಬಿಟ್ಟ ನೀರು. ಒಂದೇ ಒಂದು ದಿನ ತಪ್ಪಿದ್ದಿಲ್ಲ ಎಂದು ಬರೆದಿದ್ದೀರಿ. 2007ರ ಜೂನ್ ತಿಂಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಗೋನು ಚಂಡಮಾರುತ ಬಂದು ಉಪ್ಪು ತೆಗೆಯುವ ಆ ಸ್ಥಾವರಗಳು ನಿಂತಾಗ ಇಡೀ ನಗರ ನೀರಿಗೆ ಪರದಾಡಿತ್ತು. ಆಗ ನೀವು ಅಲ್ಲೇ ಇದ್ದಿರಿ. ಊರಿನ ಟ್ಯಾಂಕರು ನೆನಪಿನಲ್ಲಿ ಉಳಿದು ಅಲ್ಲಿನದ್ದು ಮರೆತುಹೋಗಿದೆ. ಇದು ನಿಮ್ಮ ತಪ್ಪೆಂದು ನಾನು ಹೇಳುವುದಿಲ್ಲ. ಬಿಟ್ಟು ಬಂದ ಜಾಗದ ಕಷ್ಟ ಬೇಗ ಮಾಸುತ್ತದೆ. ಗಲ್ಫಿನಲ್ಲಿರುವಾಗ ಊರಿನ ವಿಷಯದಲ್ಲೂ ನಿಮಗೆ ಹೀಗೇ ಆಗಿರಬೇಕು.

ಹಾಗಾಗಿ ಅವರ ಸ್ಥಾವರವನ್ನು ನಮ್ಮ ಮಳೆಯ ಎದುರಿಗೆ ಇಡುವುದು ಸರಿಯಲ್ಲ. ಇಡುವುದಿದ್ದರೆ ಅವರ ಫಲಜನ್ನು, ಅಂದರೆ ನೆಲದಡಿಯಿಂದ ನೀರು ತರುವ ಹಳೆಯ ಕಾಲುವೆಯನ್ನು, ನಮ್ಮ ಸುರಂಗದ ಎದುರಿಗೆ ಇಡೋಣ.

ಏಳೆಂಟು ವರ್ಷದ ಹಿಂದೆ ತಂಗಿಯ ಮನೆಗೆಂದು ನಾನೂ ಮಸ್ಕತ್ತಿಗೆ ಹೋಗಿದ್ದೆ. ಭಾವ ಒಂದು ಶುಕ್ರವಾರ ನಿಜ್ವಾಕ್ಕೆ ಕರೆದೊಯ್ದರು. ಉಳಿದವರು ಕೋಟೆ ನೋಡಲು ಹೋದರು, ನಾನು ಫಲಜ್ ದಾರಿಸ್‌ನ ಬದಿಯಲ್ಲಿ ಕುಳಿತೆ. ಸುತ್ತ ಬೋಳು ಗುಡ್ಡ, ಒಂದು ಹುಲ್ಲುಕಡ್ಡಿ ಇಲ್ಲ. ಕಾಲಬುಡದಲ್ಲಿ ಮಾತ್ರ ಕಲ್ಲಿನ ಕಾಲುವೆ ತುಂಬ ತಿಳಿನೀರು, ನಮ್ಮ ಊರಿನ ತೋಡು ಕಾರ್ತಿಕದಲ್ಲಿ ಹರಿಯುವ ಹಾಗೆ. ಕಾಲು ಇಳಿಬಿಟ್ಟ ಕೂಡಲೇ ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚತೊಡಗಿದವು. ಪಕ್ಕದಲ್ಲಿ ಕೂತಿದ್ದ ಒಬ್ಬರು ಅಜ್ಜ ನನ್ನ ಮುಖ ನೋಡಿ ನಕ್ಕರು. ಭಾವನಿಗೆ ಅರಬಿ ಬರುತ್ತಿತ್ತು, ಅಜ್ಜ ಹೇಳಿದ್ದನ್ನು ಅವರು ನನಗೆ ಹೇಳಿದರು.

ಗುಡ್ಡದ ಬುಡದಲ್ಲಿ ಒಂದು ತಾಯಿ ಬಾವಿ. ಅಲ್ಲಿಂದ ನೆಲದಡಿಯಲ್ಲಿ, ನೀರು ತಾನಾಗಿ ಇಳಿದು ಬರುವಷ್ಟೇ ಇಳಿಜಾರಿನಲ್ಲಿ, ಮೈಲುಗಟ್ಟಲೆ ಕೊರೆದ ದಾರಿ. ಪಂಪಿಲ್ಲ. ನೀರು ಊರಿಗೆ ಕಾಲಿಡುವಲ್ಲಿ ಮೊದಲು ಕುಡಿಯುವ ನೀರು ಹಿಡಿಯುವ ಜಾಗ. ಅಲ್ಲಿ ಯಾರು ಬೇಕಾದರೂ ಹಿಡಿಯಬಹುದು, ಹಣವಿಲ್ಲ. ಆಮೇಲೆ ಮಸೀದಿ, ಆಮೇಲೆ ಮೀಯುವ ಕಟ್ಟೆಗಳು, ಕೊನೆಗೆ ಖರ್ಜೂರದ ತೋಟ. ತೋಟಕ್ಕೆ ಹೋಗುವ ನೀರಿಗೆ ಸಮಯದ ಪಾಲು. ಒಂದು ‘ಅಥರ್’ ಎಂದರೆ ಸಾಮಾನ್ಯವಾಗಿ ಅರ್ಧ ಗಂಟೆಯ ನೀರು. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಆ ಅರ್ಧ ಗಂಟೆಯನ್ನು ಎಣಿಸುತ್ತಿದ್ದರಂತೆ. ಕೆಲವು ಪಾಲನ್ನು ಹರಾಜಿಗೆ ಹಾಕಿ, ಬಂದ ಹಣವನ್ನು ಫಲಜಿನ ರಿಪೇರಿಗೆ ಎತ್ತಿಡುತ್ತಾರೆ. ನೋಡಿಕೊಳ್ಳಲು ಊರೇ ನೇಮಿಸಿದ ಒಬ್ಬ ಮೇಲ್ವಿಚಾರಕ, ಅವರ ಮಾತಿನಲ್ಲಿ ‘ವಕೀಲ್’. ಆ ದೇಶದಲ್ಲಿ ಇಂಥ ಸುಮಾರು 3000 ಫಲಜ್ ಇವತ್ತಿಗೂ ಹರಿಯುತ್ತಿವೆ. ದಾರಿಸ್ ಸೇರಿ ಐದಕ್ಕೆ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು.

ಎಣ್ಣೆ ಸಿಕ್ಕಿತು, ಸ್ಥಾವರ ಬಂತು, ಮನೆಮನೆಗೆ ಪೈಪು ಬಂತು. ಆದರೂ ಅವರು ತಾಯಿ ಬಾವಿಯ ಬಾಯಿಗೆ ಕಲ್ಲಿಡಲಿಲ್ಲ.

ನಮ್ಮ ಸುರಂಗದ ಕತೆ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ನಿಮ್ಮ ಮಗ ಇದನ್ನು ಓದಬಹುದು. ನಮ್ಮ ಮನೆಯದ್ದು 48 ಕೋಲಿನ ಸುರಂಗ (ಕೋಲು ಎಂದರೆ ಹತ್ತಿರ ಹತ್ತಿರ ಎರಡೂವರೆ ಅಡಿ). ಒಬ್ಬ ಆಳು ನೆಟ್ಟಗೆ ನಡೆಯುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅದನ್ನು ಎಂಟು ಕೋಲು ಮುಂದಕ್ಕೆ ಕೊರೆಸಿದರು. ಒಬ್ಬರು ಒಳಗೆ ಕುಕ್ಕರಗಾಲಲ್ಲಿ ಕೂತು ಪಿಕ್ಕಾಸಿನಿಂದ ಮುರಕಲ್ಲು ಕಡಿಯುವುದು, ಇನ್ನೊಬ್ಬರು ಮಣ್ಣನ್ನು ಅಡಿಕೆ ಹಾಳೆಯಲ್ಲಿ ತುಂಬಿ ಹೊರಗೆಳೆಯುವುದು. ಕಡಿಯುವವರ ಬಳಿ ಯಾವಾಗಲೂ ಒಂದು ಮೊಂಬತ್ತಿ ಉರಿಯುತ್ತಿತ್ತು. ಬೆಳಕಿಗಿಂತ ಹೆಚ್ಚಾಗಿ ಉಸಿರಿಗೆ ಅದು ಬೇಕು: ಉರಿ ಸಣ್ಣದಾದರೆ ಒಳಗೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು. ಹದಿನಾರನೇ ದಿನ ಗೋಡೆ ಒದ್ದೆಯಾಯಿತು. ಮರುದಿನ ಒಸರು ಬಂತು. ಅಜ್ಜಿ ಆ ನೀರನ್ನು ಒಂದು ಚೆಂಬಿನಲ್ಲಿ ಹಿಡಿದು ದೇವರ ಮುಂದೆ ಇಟ್ಟದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಅಂಗಳದ ಟ್ಯಾಂಕಿಗೆ ಬಂದು ಬೀಳುತ್ತಿತ್ತು, ಹಗಲೂ ರಾತ್ರಿ. ಆ ಸದ್ದು ನಿಂತರೆ ಅಪ್ಪನಿಗೆ ಎಚ್ಚರವಾಗುತ್ತಿತ್ತು.

ವ್ಯತ್ಯಾಸ ಒಂದಿದೆ, ಅದನ್ನು ಮುಚ್ಚಿಡಬಾರದು. ಫಲಜ್ ಊರಿನದ್ದು, ಸುರಂಗ ಮನೆಯದ್ದು. ನಮ್ಮಲ್ಲಿ ಊರಿಗೆ ಊರೇ ಸೇರಿ ಮಾಡಿದ್ದು ಕಟ್ಟ. ಮಳೆ ಬಿಟ್ಟು ತೋಡಿನ ಹರಿವು ಕಡಿಮೆಯಾದ ಮೇಲೆ, ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟಿ, ನೀರು ನಿಲ್ಲಿಸಿ, ಸರದಿಯಂತೆ ತೋಟಕ್ಕೆ ಬಿಡುತ್ತಿದ್ದರು. ಏತಡ್ಕದಲ್ಲಿ ಇಂದಿಗೂ ಸಾಲುಸಾಲಾಗಿ ಕಟ್ಟಗಳನ್ನು ಕಟ್ಟುತ್ತಾರೆ. ನಮ್ಮದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಸುರಂಗ, ಕಟ್ಟಗಳ ಬಗ್ಗೆ ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ. ಉಳಿದ ಕಡೆ ಏನಾಯಿತು? ಪಂಪು ಬಂತು, ಬೋರ್‌ವೆಲ್ ಬಂತು, ಸ್ವಿಚ್ಚು ಹಾಕಿದರೆ ನೀರು. ಸರದಿ ಕಾಯಬೇಕಿಲ್ಲ, ಮೇಲಿನ ತೋಟದವರ ಮುಖ ನೋಡಬೇಕಿಲ್ಲ. ಗುಡ್ಡದ ಹೊಟ್ಟೆಗೆ ನೂರಾರು ಅಡಿ ತೂತು ಕೊರೆದ ಮೇಲೆ ಒಸರು ಎಲ್ಲಿಂದ ಬರಬೇಕು? 3500 ಮಿಲಿಮೀಟರ್ ಮಳೆ ಬಿದ್ದರೂ ಅದರ ದೊಡ್ಡ ಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು, ಗುಡ್ಡದಿಂದ ಜಾರಿ, ನಮ್ಮ ಗಿಡ್ಡ ಹೊಳೆಗಳಲ್ಲಿ ಸಮುದ್ರ ಸೇರುತ್ತದೆ. ಹಿಡಿಯುವ ಕೈ ಬೇಕು. ಇಷ್ಟು ಹೊಳೆಯ ಜಿಲ್ಲೆಯಲ್ಲಿ ಕಾಸರಗೋಡು ಪೇಟೆಯವರು ಎಷ್ಟು ಬೇಸಿಗೆ ಉಪ್ಪುನೀರು ಕುಡಿದರೆಂದು ನಿಮಗೆ ಗೊತ್ತು. ಪಯಸ್ವಿನಿ ಹೊಳೆಗೆ ಬಾವಿಕೆರೆಯಲ್ಲಿ ಮರಳು ಚೀಲದ ತಾತ್ಕಾಲಿಕ ತಡೆ ಹೋಗಿ ಶಾಶ್ವತ ತಡೆ ಬರಲು ದಶಕಗಳೇ ಬೇಕಾದವು.

ಆದ್ದರಿಂದ “ನಮ್ಮಲ್ಲಿ ಏನಿದೆ” ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಇದ್ದದ್ದನ್ನು ನಾವು ಕೈಬಿಟ್ಟೆವು ಎಂದರೆ ಒಪ್ಪುತ್ತೇನೆ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಇನ್ನು ನಿಮ್ಮ ಬಿಲ್ಡಿಂಗಿನ ಐದು ದೇಶದವರು. ಆ ನೆಮ್ಮದಿ ನಿಜ, ತಂಗಿಯ ಮನೆಯಲ್ಲಿ ನಾನೂ ಕಂಡೆ. ಆದರೆ ಅದು ಫ್ಯಾಮಿಲಿ ವೀಸಾ ಸಿಕ್ಕವರ ಬಿಲ್ಡಿಂಗು. ಅದಕ್ಕೆ ಬೇಕಾದ ಸಂಬಳ ಮೊದಲು 600 ರಿಯಾಲ್ ಇತ್ತು, 2017ರಲ್ಲಿ 300ಕ್ಕೆ ಇಳಿಸಿದರು. ಅಷ್ಟು ಸಂಬಳವಿಲ್ಲದ ಗಾರೆಯವರು, ಡ್ರೈವರುಗಳು ಕ್ಯಾಂಪಿನಲ್ಲಿ ಒಂದರ ಮೇಲೊಂದು ಮಂಚದಲ್ಲಿ ಮಲಗಿದರು. ಹೆಂಡತಿ ಮಕ್ಕಳು ನಮ್ಮ ಬದಿಯಡ್ಕ, ಕುಂಬಳೆ, ಉಪ್ಪಳದಲ್ಲಿ ಉಳಿದರು. ಜೂನಿನಿಂದ ಆಗಸ್ಟಿನವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ದುಡಿಸಬಾರದೆಂಬ ಕಾನೂನು ಅಲ್ಲಿದೆ. ಅದು ಒಳ್ಳೆಯದು, ನಮ್ಮಲ್ಲೂ ಬಿಸಿಲಿನ ತಿಂಗಳಲ್ಲಿ ಗಟ್ಟಿಯಾಗಿ ಜಾರಿಯಾಗಬೇಕು. ಹಳೆಯ ಧಣಿಯ ಒಪ್ಪಿಗೆ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರಬಾರದೆಂಬ ನಿಯಮವನ್ನು 2021ರ ಜನವರಿಯಿಂದ ತೆಗೆದುಹಾಕಿದರು. ಅದೂ ಒಳ್ಳೆಯದು. ಆದರೂ ಕೆಲಸ ಮುಗಿದ ದಿನ ವೀಸಾ ಮುಗಿಯಿತು. 26 ವರ್ಷದ ಬಾಳು ನಾಲ್ಕು ರಟ್ಟಿನ ಪೆಟ್ಟಿಗೆಯಲ್ಲಿ ಊರಿಗೆ ಬಂತೆಂದು ನೀವೇ ಬರೆದಿದ್ದೀರಿ.

ಈಗ ಇದನ್ನು ತಿರುಗಿಸಿ ನೋಡಿ. ನಿಮ್ಮ ತೋಟದಲ್ಲಿ ಅಡಿಕೆ ಸುಲಿಯುವ, ನಿಮ್ಮ ಹೊಸ ಮನೆಗೆ ಕಲ್ಲು ಹೊತ್ತ ಬಂಗಾಲ, ಒಡಿಶಾದ ಹುಡುಗರು ಪೇಟೆ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆಗೆ ಆರು ಜನ ಇದ್ದಾರೆ. ಸರಕಾರ ಅವರನ್ನು ಅತಿಥಿ ಕಾರ್ಮಿಕರು ಎನ್ನುತ್ತದೆ. ಅವರ ಪಾಲಿಗೆ ಬದಿಯಡ್ಕವೇ ಮಸ್ಕತ್ತು. ಅವರು ಮನೆಗೆ ಬರೆಯುವ ಪತ್ರದಲ್ಲಿ ನಮ್ಮ ಬಗ್ಗೆ ಏನಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ಭಾಷೆಯ ವಿಷಯದಲ್ಲಿ ನಿಮ್ಮ ನೋವು ನನ್ನದೂ ಹೌದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಇದನ್ನು ಹೊತ್ತು ನಡೆಯುತ್ತಿದ್ದೇವೆ. ಆದರೆ ಮಸ್ಕತ್ತಿನಲ್ಲಿ ನೀವು ಕನ್ನಡದ ಫಾರ್ಮು ಕೇಳಲಿಲ್ಲ, ಕೇಳುವ ಹಕ್ಕೂ ಅಲ್ಲಿರಲಿಲ್ಲ. ಇಲ್ಲಿ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಕಾಲದಿಂದಲೂ, ಈ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ನಾವು ಕನ್ನಡದಲ್ಲೇ ವ್ಯವಹರಿಸಬಹುದು. ಕೌಂಟರಿನಲ್ಲಿ ಬೇಸರಪಟ್ಟು ಮರಳಬೇಡಿ. ಕನ್ನಡದಲ್ಲಿ ಅರ್ಜಿ ಬರೆದು ಕೊಡಿ, ಸ್ವೀಕೃತಿ ಕೇಳಿ, ಕೊಡದಿದ್ದರೆ ನಮಗೆ ಬರೆಯಿರಿ.

ಒಂದು ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಆಸ್ಪತ್ರೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ತಲುಪಲಾಗದೆ ನಮ್ಮವರು ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟರು. ಇದಕ್ಕೆ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ. ಆದರೆ ನಿಮ್ಮ ಅಮ್ಮ ಮಲಗಿದಲ್ಲೇ ಇದ್ದ ಕೊನೆಯ ಒಂದು ವರ್ಷ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಬೆನ್ನಿನ ಹುಣ್ಣು ತೊಳೆದು ಹೋದರೆಂದೂ ನೀವೇ ಬರೆದಿದ್ದೀರಿ. ಈ ರಾಜ್ಯ 2008ರಲ್ಲೇ ಅದಕ್ಕೊಂದು ನೀತಿ ಮಾಡಿತು. ಎರಡೂ ಇದೇ ಮಣ್ಣಿನದ್ದು. ಮಗನಿಗೆ ಊರಿನ ಬಗ್ಗೆ ಹೇಳುವಾಗ ಎರಡನ್ನೂ ಹೇಳಿ.

ಮಗನನ್ನು ಕರೆಯಬೇಕೇ? ಕರೆಯಬೇಡಿ, ತಡೆಯಲೂ ಬೇಡಿ. ಅವನು ಅಲ್ಲಿ ದುಡಿಯುವಷ್ಟು ದಿನ ದುಡಿಯಲಿ, ಹೊರದೇಶದಲ್ಲಿ ದುಡಿಯುವವರಿಗಾಗಿ ಇರುವ ಕೇರಳದ ‘ಪ್ರವಾಸಿ ಕ್ಷೇಮನಿಧಿ’ಗೆ ಈಗಲೇ ಸೇರಲಿ, ಮುಂದಕ್ಕೆ ಹಾಕುವುದು ಬೇಡ. ರಜೆಗೆ ಬರುವ ಮೊದಲು ಒಂದು ಶುಕ್ರವಾರ ನಿಜ್ವಾಕ್ಕೆ ಹೋಗಿ ಫಲಜಿನ ಫೋಟೋ ತೆಗೆದು, ಪಾಲಿನ ಲೆಕ್ಕ ಯಾರು ಹೇಗೆ ಇಡುತ್ತಾರೆಂದು ಕೇಳಿ ಬರಲಿ. ಅದನ್ನು ಅವನೇ ಬರೆದರೆ ಈ ಪತ್ರಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇನೆ.

ಅವನು ಬಂದಾಗ ಇಬ್ಬರೂ ಸೇರಿ ಆ ಕಲ್ಲು ತೆಗೆಯಿರಿ. ಹಳೆಯ ಸುರಂಗ ಕೊರೆದು ಅನುಭವವಿರುವ ಒಬ್ಬರನ್ನು ಕರೆದುಕೊಳ್ಳಿ, ನೀವೇ ನುಗ್ಗಬೇಡಿ. ಬಾಯಿ ತೆರೆದು ಎರಡು ದಿನ ಗಾಳಿಯಾಡಲು ಬಿಡಿ. ಒಳಗೆ ಹೋಗುವವರ ಕೈಯಲ್ಲಿ ಮೊಂಬತ್ತಿ ಇರಲಿ, ಉರಿ ಸಣ್ಣದಾದ ಕೂಡಲೇ ಹಿಂದೆ ಬರಲಿ. ಎಷ್ಟು ಕೋಲು ಇದೆ, ಕೊನೆಯ ಗೋಡೆ ಒದ್ದೆಯೋ ಒಣಗಿದೆಯೋ, ಅಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.

— ಸಂಪಾದಕ