ನರಕದ ಪಟ್ಟಿ ಯಾರ ಕೈಯಲ್ಲೂ ಇಲ್ಲ

ನವೆಂಬರ್ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ನರಕದ ಪ್ರಶ್ನೆಗಳ ಸುಗ್ಗಿ. ಕಥೋಲಿಕರಿಗೆ ಅದು ಮೃತರ ತಿಂಗಳಲ್ಲವೇ! ಮುಂಬಯಿ, ಪುಣೆ, ವಾಸ್ಕೊಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ್ದನ್ನು ನಂಬಿ ಬರೆದವು. ಸ್ವರ್ಗವೆಂದರೇನು, ಸ್ವರ್ಗಕ್ಕೆ ಮೊದಲು ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳವೆಂದರೇನು ಎಂದು ಮತ್ತೆ ಬಿಡಿಸಿ ಹೇಳಲಾರೆ. ಅದು ಧರ್ಮೋಪದೇಶ ತರಗತಿಯ ಪಾಠ. ಒಂದು ಪತ್ರಕ್ಕೆ ಮಾತ್ರ ನಿಧಾನವಾಗಿ ಉತ್ತರಿಸಬೇಕು, ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ನನ್ನ ತಮ್ಮ ಕಳೆದ ವರ್ಷ ತಾನಾಗಿಯೇ ಜೀವ ಕಳೆದುಕೊಂಡ. ಚರ್ಚಿನಲ್ಲೇ ಪೂಜೆಯಾಗಿ ಮಣ್ಣಾಯಿತು. ಈಗ ನಮ್ಮ ಬಿಲ್ಡಿಂಗಿಗೆ ಪ್ರಾರ್ಥನೆಗೆ ಬರುವ ಒಬ್ಬರು, ‘ಅವನು ನರಕದಲ್ಲಿರುವುದು ನನಗೆ ದರ್ಶನದಲ್ಲಿ ಕಂಡಿದೆ, ಪೂಜೆ ಹೇಳಿಸಿ ಫಲವಿಲ್ಲ, ಕುಟುಂಬದ ಶಾಪ ಕತ್ತರಿಸಬೇಕು’ ಎಂದು ಹನ್ನೊಂದು ಸಾವಿರ ಕೇಳುತ್ತಿದ್ದಾರೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. — ಮಲಾಡಿನ ಓದುಗರು

ಮೊದಲ ಕೆಲಸ, ತಾಯಿ, ಆ ಹಣ ಕೊಡಬೇಡಿ. ಕೊಟ್ಟಾಗಿದ್ದರೆ ನಾಚಿಕೊಳ್ಳದೆ ವಾಪಸ್ ಕೇಳಿ. ಆ ಮನುಷ್ಯ ಮತ್ತೆ ಬಂದರೆ ಬಾಗಿಲಲ್ಲೇ ಮಾತು ಮುಗಿಸಿ.

ನರಕವಿದೆ, ಅದು ನಿತ್ಯ. ಕಥೋಲಿಕ ಧರ್ಮಸಭೆ ಇದರಲ್ಲಿ ಹಿಂದೆ ಸರಿದಿಲ್ಲ. ಆದರೆ ಇಂಥವರು ನರಕದಲ್ಲಿದ್ದಾರೆ ಎಂದು ಎರಡು ಸಾವಿರ ವರ್ಷಗಳಲ್ಲಿ ಒಬ್ಬ ಮನುಷ್ಯನ ಹೆಸರನ್ನೂ ಅದು ಘೋಷಿಸಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಕೂಡ. ಸಂತಪದವಿಗೆ ವಿಚಾರಣೆಯಿದೆ, ಸಾಕ್ಷಿಗಳಿದ್ದಾರೆ, ಅದ್ಭುತಗಳ ವೈದ್ಯಕೀಯ ಪರಿಶೀಲನೆಯಿದೆ, ಕಡೆಗೆ ಪೋಪ್ ರುಜು ಇದೆ. ಶಾಪಗ್ರಸ್ತರನ್ನು ಘೋಷಿಸಲು ಅಂಥ ವ್ಯವಸ್ಥೆಯೇ ಇಲ್ಲ. ಪೋಪ್‌ಗೇ ಇಲ್ಲದ ಅಧಿಕಾರ ನಿಮ್ಮ ಬಿಲ್ಡಿಂಗಿನ ದರ್ಶನಕಾರನಿಗೆ ಎಲ್ಲಿಂದ ಬಂತು?

ಇನ್ನು ನಿಮ್ಮ ತಮ್ಮನ ವಿಷಯ. ಪಾಪ ಮಾರಕ, ಅಂದರೆ ನರಕಕ್ಕೆ ಒಯ್ಯುವಂಥದ್ದು, ಆಗಬೇಕಾದರೆ ಮೂರು ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಸ್ಸು ಸ್ವತಂತ್ರವಾಗಿ ಒಪ್ಪಿರಬೇಕು. ಒಂದು ತಪ್ಪಿದರೂ ಅದು ಮಾರಕ ಪಾಪವಲ್ಲ. ಜೀವ ತೆಗೆದುಕೊಳ್ಳುವುದು ಗಂಭೀರ ವಿಷಯವೇ, ಅದನ್ನು ಸಡಿಲಿಸಲಾರೆ. ಆದರೆ ಮಾತ್ರೆ ತಿನ್ನುತ್ತ ದಿನ ದೂಡುತ್ತಿದ್ದವನ ಮನಸ್ಸಿನ ಸ್ವಾತಂತ್ರ್ಯ ಎಷ್ಟಿತ್ತು? ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 2282ನೇ ಪರಿಚ್ಛೇದ ತೀವ್ರ ಮಾನಸಿಕ ಬಾಧೆ, ಭಯ, ಯಾತನೆಗಳು ಹೊಣೆಯನ್ನು ಕಡಿಮೆ ಮಾಡಬಲ್ಲವು ಎನ್ನುತ್ತದೆ. ಮರುಪರಿಚ್ಛೇದ, ಹಾಗೆ ಸತ್ತವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಲ್ಲಿ ಪಶ್ಚಾತ್ತಾಪಕ್ಕೆ ಅವಕಾಶ ಸಿಗಬಹುದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಈ ಎರಡು ಪರಿಚ್ಛೇದಗಳನ್ನು ಫೋಟೊ ತೆಗೆದು ಅಮ್ಮನಿಗೆ ಓದಿ ಹೇಳಿ.

‘ಹಿಂದೆ ಇಂಥವರನ್ನು ಸ್ಮಶಾನದ ಗೋಡೆಯಾಚೆ ಹೂಳುತ್ತಿದ್ದರು’ ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ. 1917ರ ಧರ್ಮಶಾಸನದ (ಚರ್ಚಿನ ಕಾನೂನಿನ) 1240ನೇ ವಿಧಿ ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಸಂಸ್ಕಾರ ನಿರಾಕರಿಸಿತ್ತು. ಆಗಲೂ ‘ಬುದ್ಧಿಪೂರ್ವಕವಾಗಿ’ ಎಂಬ ಷರತ್ತಿತ್ತು, ಜನ ಅದನ್ನು ನುಂಗಿದರು. 1983ರ ಶಾಸನದಲ್ಲಿ ಸಂಸ್ಕಾರ ಯಾರಿಗಿಲ್ಲ ಎಂದು ಹೇಳುವುದು 1184ನೇ ವಿಧಿ. ಆ ಪಟ್ಟಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಇಲ್ಲವೇ ಇಲ್ಲ. ನಿಮ್ಮ ಫಾದರ್ ಪೂಜೆ ಹೇಳಿ ಮಣ್ಣು ಮಾಡಿದ್ದು ಕನಿಕರದಿಂದ ಕೊಟ್ಟ ರಿಯಾಯಿತಿಯಲ್ಲ, ನಿಯಮದ ಪ್ರಕಾರ ನಡೆದದ್ದು. ದೇಶದ ಕಾನೂನೂ ಹೀಗೇ ತಿರುಗಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಡುತ್ತದೆ.

ಈಗ ನೀವು ಮಾಡಬಹುದಾದದ್ದು. ಚರ್ಚ್ ಆಫೀಸಿಗೆ ಹೋಗಿ ತಮ್ಮನ ಹೆಸರಲ್ಲಿ ಪೂಜೆಯ ಇಂಟೆನ್ಶನ್ (ಯಾರಿಗಾಗಿ ಪೂಜೆ ಎಂಬುದು) ಬರೆಸಿ. ಕಾಣಿಕೆಯ ಮೊತ್ತವನ್ನು ಧರ್ಮಾಧ್ಯಕ್ಷರು ಸೇರಿ ಗೊತ್ತುಮಾಡಿರುತ್ತಾರೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೊಡಲು ಇಲ್ಲದವರಿಗೂ ಪೂಜೆ ಅರ್ಪಿಸಿ ಎಂದು ಗುರುಗಳಿಗೆ ಶಾಸನವೇ ಹೇಳಿದೆ. ದಿನಕ್ಕೆ ಎಷ್ಟು ಪೂಜೆ ಹೇಳಿದರೂ ಒಬ್ಬ ಗುರು ತನಗೆಂದು ಇಟ್ಟುಕೊಳ್ಳಬಹುದಾದದ್ದು ಒಂದೇ ಕಾಣಿಕೆ (ಕ್ರಿಸ್ಮಸ್ ದಿನ ಬಿಟ್ಟು). ನಗರದ ಚರ್ಚುಗಳಲ್ಲಿ ಹತ್ತಾರು ಹೆಸರುಗಳನ್ನು ಒಂದೇ ಪೂಜೆಯಲ್ಲಿ ಓದುವುದುಂಟು. ಅದಕ್ಕೆ ಕಾಣಿಕೆ ಕೊಟ್ಟವರ ಒಪ್ಪಿಗೆ ಬೇಕು. ನಿಮಗೆ ಪ್ರತ್ಯೇಕ ಪೂಜೆ ಬೇಕಿದ್ದರೆ ಬರೆಸುವಾಗಲೇ ಹೇಳಿ, ಆಮೇಲೆ ಫಾದರ್ ಜೊತೆ ಜಗಳವಾಡಬೇಡಿ.

ಗ್ರೆಗೋರಿಯನ್ ಪೂಜೆಗಳೆಂದರೆ ಒಬ್ಬ ಮೃತನಿಗಾಗಿ ಎಡೆಬಿಡದೆ 30 ದಿನ, 30 ಪೂಜೆ. ಬದುಕಿದ್ದವರಿಗೆ ಅದು ಇಲ್ಲ, ಇಬ್ಬರಿಗೆ ಸೇರಿಸಿಯೂ ಇಲ್ಲ. ಒಬ್ಬರೇ ಗುರು, ಒಂದೇ ಚರ್ಚು ಆಗಬೇಕೆಂದೇನಿಲ್ಲ. ಎಡವುವುದು ಎಲ್ಲಿ ಗೊತ್ತೇ? ಭಾನುವಾರಗಳಲ್ಲಿ. ಧರ್ಮಕೇಂದ್ರದ ಮುಖ್ಯ ಗುರು ಪ್ರತಿ ಭಾನುವಾರ ಒಂದು ಪೂಜೆಯನ್ನು ತನ್ನ ಜನರೆಲ್ಲರಿಗಾಗಿ ಅರ್ಪಿಸಲೇಬೇಕು, ಆ ಪೂಜೆಗೆ ಬೇರೆ ಇಂಟೆನ್ಶನ್ ಸೇರಿಸುವಂತಿಲ್ಲ. ಹಾಗಾಗಿ ಇದನ್ನು ನಿವೃತ್ತ ಗುರುಗಳಿಗೋ ಮಠದ ಗುರುಗಳಿಗೋ ವಹಿಸುವುದು ಕ್ಷೇಮ. ನಡುವೆ ಗುರುವಿಗೆ ಕಾಯಿಲೆಯಾಗಿಯೋ ಅಂತ್ಯಸಂಸ್ಕಾರ, ಮದುವೆಯ ಪೂಜೆ ಅಡ್ಡಬಂದೋ ಒಂದು ದಿನ ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಬೇಗ ಮುಗಿಸಿದರಾಯಿತು. 1967ರಲ್ಲೇ ರೋಮ್ ಇದನ್ನು ಸ್ಪಷ್ಟಪಡಿಸಿದೆ. ಈ ಪದ್ಧತಿಯ ಹಿಂದಿನ ಪ್ರಸಂಗವನ್ನು ಅಮ್ಮನಿಗೆ ಹೇಳಿ. ಮೂರು ಚಿನ್ನದ ನಾಣ್ಯ ಬಚ್ಚಿಟ್ಟು ಸಿಕ್ಕಿಬಿದ್ದ ಯುಸ್ತುಸ್ ಎಂಬ ಸನ್ಯಾಸಿ ಸತ್ತಾಗ ಅವನ ಹೆಣವನ್ನು ತಿಪ್ಪೆಗುಂಡಿಯಲ್ಲಿ ಹೂಳಿಸಿದ್ದರು ಮುಂದೆ ಪೋಪ್ ಆದ ಮಹಾ ಗ್ರೆಗರಿ. ಆಮೇಲೆ ಅವರೇ ಕರಗಿ ಅವನಿಗಾಗಿ 30 ದಿನ ಬಲಿಪೂಜೆ ಅರ್ಪಿಸಲು ಹೇಳಿದರು. ತಿಪ್ಪೆಗೆ ಹಾಕಿದವನಿಗಾಗಿ ಹುಟ್ಟಿದ ಪದ್ಧತಿ ಇದು. ಹಾಗೆಂದು 30ನೇ ದಿನ ಬಾಗಿಲು ತೆರೆಯುತ್ತದೆಂದು ಯಾರೂ ಗ್ಯಾರಂಟಿ ಕಾರ್ಡ್ ಬರೆದುಕೊಡುವುದಿಲ್ಲ.

ದುಡ್ಡೇ ಬೇಡದ ದಾರಿಯೂ ಇದೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ಅವರಿಗೆ ಸಲ್ಲುವ ಪೂರ್ಣ ಇಂಡಲ್ಜೆನ್ಸ್ (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಮನ್ನಾ) ಇದೆ, ದಿನಕ್ಕೊಂದು. ಷರತ್ತುಗಳು: ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಪೋಪ್ ಅವರ ಉದ್ದೇಶಗಳಿಗಾಗಿ ಪ್ರಾರ್ಥನೆ, ಮತ್ತು ಎಲ್ಲಕ್ಕಿಂತ ಕಷ್ಟದ್ದು, ಸಣ್ಣ ಪಾಪದ ಮೇಲೂ ಮೋಹ ಇಟ್ಟುಕೊಳ್ಳದಿರುವುದು. ಎಂಟೂ ದಿನಕ್ಕೆ ಒಂದೇ ಪಾಪನಿವೇದನೆ ಸಾಕು. ಪರಮಪ್ರಸಾದ ಮತ್ತು ಪ್ರಾರ್ಥನೆ ಮಾತ್ರ ಒಂದೊಂದು ಇಂಡಲ್ಜೆನ್ಸಿಗೂ ಬೇರೆಬೇರೆ ಬೇಕು, ಆಯಾ ದಿನವೇ ಆದರೆ ಒಳ್ಳೆಯದು. ಇದಕ್ಕೆ ಯಾರಾದರೂ ಹಣ ಕೇಳಿದರೆ, ಇಂಡಲ್ಜೆನ್ಸಿಗೆ ಹಣ ಕಟ್ಟುವುದನ್ನು ಐದನೇ ಪಿಯುಸ್ 1567ರಲ್ಲೇ ರದ್ದುಮಾಡಿದ್ದಾರೆಂದು ಹೇಳಿ.

‘ಕುಟುಂಬದ ಶಾಪ’ ಶುದ್ಧ ವ್ಯಾಪಾರ. ಅಜ್ಜನ ಪಾಪ ಮೊಮ್ಮಗನಿಗೆ ಅಂಟುವುದಿಲ್ಲವೆಂದು ಯೆಹೆಜ್ಕೇಲನ 18ನೇ ಅಧ್ಯಾಯ ಕಂಠ ಬಿರಿದು ಹೇಳಿದೆ. ಈ ವಂಶಶಾಪ ಬಿಡಿಸುವ ಪ್ರಾರ್ಥನೆಗಳ ವಿರುದ್ಧ ಸ್ಪೇನಿನ ಧರ್ಮಾಧ್ಯಕ್ಷರು 2024ರಲ್ಲಿ ಟಿಪ್ಪಣಿಯನ್ನೇ ಹೊರಡಿಸಿದರು. ನಿಜವಾದ ಭೂತೋಚ್ಚಾಟನೆಗೂ 1172ನೇ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ ಗುರುವೇ ಬೇಕು. ಬಿಲ್ಡಿಂಗಿಗೆ ಬರುವ ಆಸಾಮಿಯ ಹತ್ತಿರ ಆ ಪತ್ರವಿದೆಯೇ ಎಂದು ಕೇಳಿ ನೋಡಿ, ಮುಖ ಹೇಗಾಗುತ್ತದೆಂದು.

ಅಮ್ಮ ಊಟ ಬಿಟ್ಟಿರುವುದಕ್ಕೆ ನನ್ನ ಅಂಕಣ ಔಷಧಿಯಲ್ಲ. ಡಾಕ್ಟರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಿಮಗೂ ಬೇಕಾದೀತು.

ಪ್ರಶ್ನೆ: ನಮ್ಮ ನರಕದಲ್ಲಿ ಶಿಕ್ಷೆ ಮುಗಿಸಿ ಹೊರಬರಬಹುದು. ನಿಮ್ಮದು ಮಾತ್ರ ಯಾಕೆ ಮುಗಿಯದ್ದು? ಐವತ್ತು ವರ್ಷದ ಪಾಪಕ್ಕೆ ಅನಂತ ಶಿಕ್ಷೆ ನ್ಯಾಯವೇ? — ಮಾಟುಂಗಾ

‘ನಮ್ಮ’ ಎಂದರೆ ಯಾರದು, ಸ್ವಾಮಿ? ಜೈನರ ಏಳು ನರಕಗಳಿಗೆ ಅವಧಿಯಿದೆ, ಏಳನೆಯದರಲ್ಲಿ ಗರಿಷ್ಠ 33 ಸಾಗರೋಪಮ, ಎಣಿಸಲಾಗದಷ್ಟು ದೀರ್ಘ ಕಾಲದ ಅಳತೆ ಅದು. ಆದರೆ ಉಡುಪಿಯ ಮಧ್ವಾಚಾರ್ಯರು ತಮೋಯೋಗ್ಯ (ಸ್ವಭಾವದಿಂದಲೇ ಕತ್ತಲಿಗೆ ಸೇರಿದ) ಜೀವರಿಗೆ ಹೇಳಿದ ಅಂಧಂತಮಸ್ಸೆಂಬ ಕಡುಗತ್ತಲಿನಿಂದ ಮರಳುವ ದಾರಿಯಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಮಾಧ್ವರಲ್ಲಿ ಅದು ಆ ಜೀವದ ಸ್ವಭಾವಕ್ಕೆ ಸೇರಿದ್ದು. ಕಥೋಲಿಕರಲ್ಲಿ ದೇವರು ಯಾರನ್ನೂ ನರಕಕ್ಕೆಂದು ಮುಂಚೆಯೇ ಗೊತ್ತುಮಾಡಿಲ್ಲ. ಐವತ್ತು ವರ್ಷಕ್ಕೆ ಇಷ್ಟು ಶಿಕ್ಷೆ ಎಂಬ ಲೆಕ್ಕವೂ ಇಲ್ಲಿಲ್ಲ. ಕೊನೆಯವರೆಗೂ ದೇವರನ್ನು ಬೇಡವೆಂದವನು ಆ ‘ಬೇಡ’ದಲ್ಲೇ ಉಳಿಯುತ್ತಾನೆ, ಮುಖ್ಯ ಶಿಕ್ಷೆ ಆ ಅಗಲಿಕೆಯೇ. ಕಡೆಗೆ ಎಲ್ಲರೂ, ಸೈತಾನನೂ, ಹಿಂತಿರುಗುತ್ತಾರೆಂಬ ವಾದ ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನನ ಹೆಸರಿನಲ್ಲಿತ್ತು. 543ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಅದನ್ನು ತಳ್ಳಿಹಾಕಿತು. ನರಕ ಖಾಲಿಯಿರಲಿ ಎಂದು ಆಶಿಸಲು ಅಡ್ಡಿಯಿಲ್ಲ. 2024ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ಟಿವಿಯಲ್ಲಿ ಅದನ್ನೇ ಹೇಳಿದರು, ಇದು ಸಿದ್ಧಾಂತವಲ್ಲ, ನನ್ನ ಸ್ವಂತ ಮಾತು ಎಂದು ಸೇರಿಸಿ. ಆಶೆ ಬೇರೆ, ಖಾತ್ರಿ ಬೇರೆ.

ಪ್ರಶ್ನೆ: ದೀಕ್ಷಾಸ್ನಾನಕ್ಕೆ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡ ಮಗು ‘ಲಿಂಬೊ’ಗೆ ಹೋಗುತ್ತದೆಯೇ? — ಮಡಗಾಂವ್

ದೀಕ್ಷಾಸ್ನಾನವಾಗದ ಕೂಸುಗಳಿಗೆಂದು ಹೇಳುತ್ತಿದ್ದ, ಸ್ವರ್ಗವೂ ಅಲ್ಲದ ಯಾತನೆಯೂ ಇಲ್ಲದ ತಾಣ ಲಿಂಬೊ. ಅದು ಎಂದೂ ಧರ್ಮಸಿದ್ಧಾಂತವಾಗಿರಲಿಲ್ಲ, ಪಂಡಿತರ ಊಹೆಯಾಗಿತ್ತು. 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇಂಥ ಕೂಸುಗಳ ರಕ್ಷಣೆಯನ್ನು ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. ತಂದೆತಾಯಿಗೆ ದೀಕ್ಷಾಸ್ನಾನ ಕೊಡಿಸುವ ಇರಾದೆ ಇದ್ದಿದ್ದರೆ ಧರ್ಮಾಧ್ಯಕ್ಷರ ಅನುಮತಿಯಿಂದ ಚರ್ಚಿನ ಅಂತ್ಯಸಂಸ್ಕಾರವೂ ಸಿಗುತ್ತದೆ, ಕೇಳದೆ ಸುಮ್ಮನಾಗಬೇಡಿ. ಇನ್ನುಳಿದವರು ತಿಳಿದಿರಿ: ಮಗು ಅಪಾಯದಲ್ಲಿದ್ದರೆ ಫಾದರ್‌ಗಾಗಿ ಕಾಯಬೇಕಿಲ್ಲ. ನರ್ಸ್ ಇರಲಿ, ಅಜ್ಜಿ ಇರಲಿ, ಅನ್ಯಧರ್ಮದವರೇ ಇರಲಿ, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿನಿಂದ ತಲೆಯ ಮೇಲೆ ಮೂರು ಸಲ ಶುದ್ಧ ನೀರು ಹೊಯ್ದು ‘ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂದರೆ ಆಯಿತು. ನೀರು ಚರ್ಮದ ಮೇಲೆ ಹರಿಯಬೇಕು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಸಾಲದು.

ಪ್ರಶ್ನೆ: ನಾವು ಮೆಥೊಡಿಸ್ಟರು. ಅಪ್ಪನಿಗೆ 30 ಪೂಜೆ ಹೇಳಿಸಬಹುದೇ? — ಖಡಕಿ, ಪುಣೆ

ನಿಮ್ಮ ಸಭೆಯ 25 ವಿಧಿಗಳಲ್ಲಿ 14ನೆಯದು ಶುದ್ಧೀಕರಣ ಸ್ಥಳವನ್ನೇ ಒಪ್ಪುವುದಿಲ್ಲ. ಮೊದಲು ನಿಮ್ಮ ಪಾಸ್ಟರ್ ಹತ್ತಿರ ಮಾತಾಡಿ.

ಪ್ರಶ್ನೆ: ವಿದ್ಯುತ್ ಚಿತಾಗಾರದಲ್ಲಿ ಸುಟ್ಟವರಿಗೆ ಪುನರುತ್ಥಾನವಿದೆಯೇ? — ಕುರ್ಲಾ

ಇದೆ. ದಹನಕ್ಕೆ 1963ರಲ್ಲೇ ಅನುಮತಿ ಸಿಕ್ಕಿದೆ. ಬೂದಿಯನ್ನು ಸಮುದ್ರಕ್ಕೆ ಚೆಲ್ಲಬೇಡಿ, ಸ್ಮಶಾನದ ಗೂಡಿನಲ್ಲಿ ಇಡಿ.

ಪ್ರಶ್ನೆ: ಬಾಂದ್ರಾದ ಮೌಂಟ್ ಮೇರಿಗೆ ಮೇಣದ ಮಗು ಒಪ್ಪಿಸುವ ಹರಕೆ ಮರೆತೆ. ನರಕವೇ?

ಮರೆತದ್ದಕ್ಕೆಲ್ಲ ನರಕವಿಲ್ಲ. ಹೋಗಲು ಆಗುವುದಿಲ್ಲವೆಂದಾದರೆ ನಿಮ್ಮ ಧರ್ಮಕೇಂದ್ರದ ಗುರುವೇ ಹರಕೆಯಿಂದ ಬಿಡುಗಡೆ ಕೊಡಬಲ್ಲರು, 1196ನೇ ವಿಧಿ.

ಪ್ರಶ್ನೆ: ಸೈಬೀರಿಯಾದಲ್ಲಿ ಕೊರೆದ ಬಾವಿಯಿಂದ ನರಕದ ಚೀರಾಟ ಕೇಳಿಸಿತಂತೆ, ಆಡಿಯೊ ಕಳಿಸಿದ್ದೇನೆ.

ಈ ಆಡಿಯೊ ಪ್ರತಿವರ್ಷ ಬರುತ್ತದೆ. ರಷ್ಯನ್ನರು ಭೂಮಿಯನ್ನು ಅತಿ ಆಳಕ್ಕೆ ಕೊರೆದದ್ದು ಸೈಬೀರಿಯಾದಲ್ಲಲ್ಲ, ವಾಯುವ್ಯ ರಷ್ಯಾದ ಕೋಲಾದಲ್ಲಿ: 12,262 ಮೀಟರ್. ಅಲ್ಲಿ ಸಿಕ್ಕಿದ್ದು ಸುಮಾರು 180 ಡಿಗ್ರಿ ಬಿಸಿ ಬಂಡೆ. ಇನ್ನು ಕಳಿಸಬೇಡಿ.