ಸ್ಟಾಪ್‌ವಾಚ್ ಹಿಡಿದ ಕೈಗೂ ಪೂರ್ವಗ್ರಹ ಇರುತ್ತದೆಯೇ?

ಪ್ರಶ್ನೆ: ಬಿ.ಇಡಿ. ಓದುತ್ತಿದ್ದೇನೆ. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿಸಿದರೆ ಹರೆಯದವರೂ ನಿಧಾನವಾಗಿ ನಡೆಯುತ್ತಾರೆ ಎಂಬ ಪ್ರಯೋಗದ ಬಗ್ಗೆ ತರಗತಿಯಲ್ಲಿ ಹೇಳಿದರು. ಸ್ಟೀರಿಯೋಟೈಪ್ (ಒಂದು ಗುಂಪಿನವರೆಲ್ಲ ಹೀಗೇ ಎಂಬ ಸಿದ್ಧ ಕಲ್ಪನೆ) ನಮಗೇ ಗೊತ್ತಾಗದಂತೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅದೇ ಉದಾಹರಣೆಯಂತೆ. ನನ್ನ ತಮ್ಮ ಮಾತ್ರ ‘ಅದೆಲ್ಲ ಸುಳ್ಳು ಅಂತ ಗೊತ್ತಾಗಿ ಎಷ್ಟೋ ವರ್ಷ ಆಯ್ತಲ್ಲ ಅಕ್ಕಾ’ ಅನ್ನುತ್ತಾನೆ. ಹಾಗಾದರೆ ಪೂರ್ವಗ್ರಹದ ಬಗ್ಗೆ ನಾವು ಓದುವುದೆಲ್ಲ ಬುರುಡೆಯೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ಪ್ರಯೋಗ ನಡೆದದ್ದು ಹೌದು, ಅದರ ತೀರ್ಮಾನ ನಿಲ್ಲಲಿಲ್ಲ.

ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜಾನ್ ಬಾರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಕೆಲಸ ಕೊಟ್ಟರು. ಕೆಲವರ ಹಾಳೆಯಲ್ಲಿ ನರೆ, ಒಂಟಿತನ, ಫ್ಲೋರಿಡಾ ಇಂಥ ಮಾತುಗಳಿದ್ದವು. (ಅಮೆರಿಕದಲ್ಲಿ ನಿವೃತ್ತರಾದವರು ಹೋಗಿ ನೆಲೆಸುವ ರಾಜ್ಯ ಫ್ಲೋರಿಡಾ. ನಮ್ಮ ಹುಡುಗರಿಗೆ ಆ ಹೆಸರು ಕೇಳಿದರೆ ಮುಪ್ಪು ನೆನಪಾಗುವುದಿಲ್ಲ, ಬಿಡಿ.) ಕೆಲಸ ಮುಗಿಸಿ ಹೊರಟವರು ಸುಮಾರು ಹತ್ತು ಮೀಟರ್ ಕಾರಿಡಾರ್ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಸ್ಟಾಪ್‌ವಾಚ್‌ನಲ್ಲಿ ಅಳೆದರು. ಮುಪ್ಪಿನ ಪದ ಓದಿದವರು ಹೆಚ್ಚುಕಡಿಮೆ ಒಂದು ಸೆಕೆಂಡು ತಡ. ಒಂದೊಂದು ಸುತ್ತಿನಲ್ಲಿ ಇದ್ದವರು ಬರೀ 30 ಮಂದಿ.

2012ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು 120 ಮಂದಿಯನ್ನು ನಡೆಸಿ ನೋಡಿದರು. ಈ ಸಲ ಸಮಯ ಅಳೆದದ್ದು ಮನುಷ್ಯರಲ್ಲ, ಇನ್‌ಫ್ರಾರೆಡ್ ಸೆನ್ಸರ್. ವ್ಯತ್ಯಾಸ ಮಾಯವಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ, ನನಗೆ ಮೆಚ್ಚುಗೆಯಾಗುವುದು ಇಲ್ಲಿಯೇ. ಪ್ರಯೋಗ ನಡೆಸಲು ಹತ್ತು ಜನರನ್ನು ಕರೆತಂದು, ಅರ್ಧ ಜನಕ್ಕೆ ‘ಮುಪ್ಪಿನ ಪದ ಓದಿದವರು ನಿಧಾನ ನಡೆಯುತ್ತಾರೆ’ ಎಂದೂ ಉಳಿದವರಿಗೆ ‘ಬೇಗ ನಡೆಯುತ್ತಾರೆ’ ಎಂದೂ ಮೊದಲೇ ನಂಬಿಸಿದರು. ನಿಧಾನವೆಂದು ನಂಬಿದವರ ಕೈಯಲ್ಲಿ ಹಳೆಯ ಫಲಿತಾಂಶ ಮತ್ತೆ ಹುಟ್ಟಿತು! ಪೂರ್ವಗ್ರಹವನ್ನು ಹುಡುಕಲು ಹೊರಟ ಪ್ರಯೋಗದಲ್ಲಿ, ಪೂರ್ವಗ್ರಹ ಇದ್ದದ್ದು ಪ್ರಯೋಗ ನಡೆಸುವವರಲ್ಲಿ.

ಇದೇನೂ ಹೊಸ ಎಚ್ಚರಿಕೆಯಲ್ಲ. ಒಂದೇ ಬಗೆಯ ಇಲಿಗಳನ್ನು ‘ಚುರುಕು’, ‘ದಡ್ಡ’ ಎಂದು ಹೇಳಿ ವಿದ್ಯಾರ್ಥಿಗಳಿಗೆ ಕೊಟ್ಟರೆ ‘ಚುರುಕು’ ಇಲಿಗಳೇ ದಾರಿಯನ್ನು ಚೆನ್ನಾಗಿ ಕಲಿಯುತ್ತವೆ ಎಂದು ರಾಬರ್ಟ್ ರೋಸೆಂತಾಲ್ 1963ರಲ್ಲೇ ತೋರಿಸಿದ್ದರು. ಬೇಕೆಂದೇ ಮೋಸ ಮಾಡಿದವರೂ ಇದ್ದಾರೆ. ಕೊಳಕು ರೈಲು ನಿಲ್ದಾಣದಲ್ಲಿ ಜನರ ಪೂರ್ವಗ್ರಹ ಹೆಚ್ಚುತ್ತದೆ ಎಂದು 2011ರಲ್ಲಿ ಬರೆದ ನೆದರ್ಲೆಂಡ್ಸ್‌ನ ಡೀಡೆರಿಕ್ ಸ್ಟಾಪೆಲ್ ಅಂಕಿಅಂಶವನ್ನೇ ಸೃಷ್ಟಿಸಿದ್ದರು. ಅದು ಬೇರೆ ಕಥೆ.

ಹಾಗೆಂದು ಎಲ್ಲವನ್ನೂ ಬುರುಡೆ ಎನ್ನುವ ಹಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಖಾಸಗಿ ಕಂಪನಿಗಳ ಜಾಹೀರಾತಿಗೆ ಅವರ ತಂಡ 4,808 ಅರ್ಜಿ ಹಾಕಿತು. ವಿದ್ಯಾರ್ಹತೆ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯೆಂದು ತೋರುವ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇಲ್ಲಿ ಯಾರ ಕೈಯಲ್ಲೂ ಸ್ಟಾಪ್‌ವಾಚ್ ಇಲ್ಲ. ಕರೆ ಬಂತೋ ಇಲ್ಲವೋ, ಲೆಕ್ಕ ಅಷ್ಟೇ. ಅಮೆರಿಕದ ಬಾಸ್ಟನ್, ಷಿಕಾಗೊಗಳಲ್ಲಿ ಬಿಳಿಯರ ಮತ್ತು ಕರಿಯರ ಹೆಸರಿಟ್ಟು ನಡೆಸಿ 2004ರಲ್ಲಿ ಪ್ರಕಟಿಸಿದ ಇಂಥದೇ ಅಧ್ಯಯನದಲ್ಲಿ ಬಿಳಿಯರೆನಿಸುವ ಹೆಸರಿಗೆ 50% ಹೆಚ್ಚು ಕರೆ ಬಂದಿತ್ತು.

ತಮ್ಮನಿಗೆ ಈ ಅರ್ಜಿಗಳ ಲೆಕ್ಕ ಹೇಳಿ. ನಿಮ್ಮ ಮೇಷ್ಟ್ರಿಗೆ ಬ್ರಸೆಲ್ಸ್‌ನ ಕಥೆ ಹೇಳಿ, ಬೇಸರ ಮಾಡಿಕೊಳ್ಳಲಾರರು. ನಾಳೆ ನೀವು ಟೆಸ್ಟ್ ಪೇಪರ್ ತಿದ್ದುವಾಗ ಹೆಸರಿರುವ ಮೂಲೆಯನ್ನು ಮಡಚಿಟ್ಟುಕೊಳ್ಳಿ. ಅಂಕ ಕೂಡಿಸಿದ ಮೇಲೆ ಬಿಚ್ಚಿದರಾಯಿತು.